ಮರಿಯೇ ಯಾಕೆ, ಬೆಳೆದ ಬೆಕ್ಕು ತನ್ನಿ

ಬೆಕ್ಕು ಸಾಕೋಣ ಎಂದರೆ ಕುವೈತಿನಲ್ಲಿ ಹಲವರು ನೇರ ಹೋಗುವುದು ಅಲ್ ರಾಯ್‌ನ ಶುಕ್ರವಾರದ ಸಂತೆಗೆ. ಪಂಜರದ ಮರಿ ಕಂಡು ಮಕ್ಕಳು ಹಟ ಹಿಡಿಯುತ್ತಾರೆ. ಸ್ವಲ್ಪ ತಡೆಯಿರಿ. ಪಾಝ್ ಕುವೈತ್‌ನಂಥ ಪ್ರಾಣಿದಯಾ ಸಂಸ್ಥೆಗಳನ್ನು ಒಮ್ಮೆ ವಿಚಾರಿಸಿ. ಅಲ್ಲಿರುವವು ರೆಸ್ಕ್ಯೂ ಬೆಕ್ಕುಗಳು. ಅಂದರೆ ಬೀದಿಯಿಂದ ಎತ್ತಿ ತಂದವು, ಇಲ್ಲವೇ ಕೆಲಸ ಮುಗಿಸಿ ಊರಿಗೆ ಹೊರಟವರು ಬಿಟ್ಟುಹೋದವು.

ಬೆಳೆದದ್ದು ನಮಗೆ ಒಗ್ಗುತ್ತದೆಯೇ? ಚೆನ್ನಾಗಿಯೇ ಒಗ್ಗುತ್ತದೆ. ಮರಿ ಮುಂದೆ ಹೇಗಾಗುತ್ತದೋ ಗೊತ್ತಿಲ್ಲ. ವರ್ಷ ದಾಟಿದ ಬೆಕ್ಕಿನ ಸ್ವಭಾವ ಕಣ್ಣೆದುರೇ ಇರುತ್ತದೆ. ನೆಲದ ಮೇಲೆ ಕೂತು ಒಂದು ಬೆರಳು ಚಾಚಿ. ಬಾಲ ನೆಟ್ಟಗೆ ಮಾಡಿ ಬಂದು, ಮೂಸಿ, ಕೆನ್ನೆ ಉಜ್ಜಿತೋ, ಅದು ಜನರ ಒಡನಾಟ ಬಲ್ಲ ಬೆಕ್ಕು.

ಸಂತಾನಹರಣ ಚಿಕಿತ್ಸೆ ಆಗಿದೆಯೇ, ಲಸಿಕೆ ಪುಸ್ತಕ ಇದೆಯೇ ಎಂದು ಕೇಳಿ. ಮೈಕ್ರೋಚಿಪ್ ಇದ್ದರೆ ಒಳ್ಳೆಯದು. ಅಕ್ಕಿಕಾಳಿನಷ್ಟು ಸಣ್ಣ ಚಿಪ್ ಅದು, ಚರ್ಮದಡಿ ಇರುತ್ತದೆ. 15 ಅಂಕಿಯ ಗುರುತು ಸಂಖ್ಯೆ ಅದರಲ್ಲಿದೆ. ಕಟ್ಟಡದಲ್ಲಿ ಪ್ರಾಣಿ ಸಾಕಬಹುದೇ ಎಂಬುದನ್ನು ಹಾರಿಸ್, ಅಂದರೆ ಕಾವಲುಗಾರನ ಬಳಿ ಮೊದಲೇ ಕೇಳಿಕೊಳ್ಳಿ.

ಮೊದಲ ವಾರ ಒಂದೇ ಕೋಣೆ ಸಾಕು. ನಮ್ಮದು ಬಂದವತ್ತೇ ವಾಷಿಂಗ್ ಮಷೀನಿನ ಹಿಂದೆ ಸೇರಿತು. ಎರಡು ದಿನ ಮುಖ ತೋರಿಸಲಿಲ್ಲ, ಬೆಳಿಗ್ಗೆ ಎದ್ದಾಗ ತಟ್ಟೆ ಮಾತ್ರ ಖಾಲಿ. ಎಳೆದು ಹೊರತೆಗೆಯಬೇಡಿ. ಆದರೆ ಒಂದು ಇಡೀ ದಿನ ಏನೂ ತಿನ್ನದಿದ್ದರೆ ವೈದ್ಯರಿಗೆ ತೋರಿಸಿ. ಉಪವಾಸ ಬಿದ್ದ ಬೆಕ್ಕಿನ ಲಿವರ್ ಬೇಗ ಕೆಡುತ್ತದೆ.

ಮೊಸರನ್ನದಲ್ಲಿ ಬೆಳೆಸಬಹುದಲ್ಲ ಎನ್ನುತ್ತೀರಾ? ಆಗದು. ಬೆಕ್ಕಿಗೆ ಟಾರಿನ್ ಬೇಕೇ ಬೇಕು. ಮಾಂಸ, ಮೀನಿನಲ್ಲಿರುವ ಪೋಷಕಾಂಶ ಅದು. ಕಡಿಮೆಯಾದರೆ ಕಣ್ಣು, ಹೃದಯ ಕೆಡುತ್ತವೆ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲೂ ಜೀರ್ಣವಾಗುವುದಿಲ್ಲ.

ದತ್ತು ಶುಲ್ಕ ಒಮ್ಮೆ ಕೊಟ್ಟರೆ ಮುಗಿಯಿತು. ಬಿಡದೆ ಬರುವ ಖರ್ಚು ಆಹಾರದ್ದು, ಲಿಟ್ಟರ್‌ದು, ಅಂದರೆ ಮಲಮೂತ್ರಕ್ಕೆ ಇಡುವ ಮರಳಿನದ್ದು. ಗಟ್ಟಿಯಾಗುವ ಮರಳನ್ನು ಟಾಯ್ಲೆಟ್ಟಿಗೆ ಸುರಿಯಬೇಡಿ, ಪೈಪು ಕಟ್ಟುತ್ತದೆ. ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಎ.ಸಿ. ಆರಿಸಿ ಬೆಕ್ಕನ್ನು ಬಿಟ್ಟುಹೋಗುವಂತಿಲ್ಲ. 2016ರ ಜುಲೈಯಲ್ಲಿ ಇಲ್ಲಿನ ಮಿತ್ರಿಬಾದಲ್ಲಿ ಬಿಸಿಲು 53.9 ಡಿಗ್ರಿ ಮುಟ್ಟಿತ್ತು. ದಿನಾ ಬಂದು ನೋಡುವ ನೆರೆಯವರನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಕಾಯಂ ಆಗಿ ಊರಿಗೆ ಹೊರಟಾಗ? ಬೆಕ್ಕನ್ನು ತರುವ ಮೊದಲೇ ಇದನ್ನು ಯೋಚಿಸಬೇಕು. ಎರಡು ವರ್ಷ ಹೊರದೇಶದಲ್ಲಿದ್ದು ವಾಸ್ತವ್ಯ ಬದಲಿಸುವವರು ಎರಡು ಸಾಕುಪ್ರಾಣಿಗಳನ್ನು ಭಾರತಕ್ಕೆ ಒಯ್ಯಬಹುದು. ರೇಬೀಸ್ ಲಸಿಕೆ, ಸರಕಾರಿ ಆರೋಗ್ಯ ಪ್ರಮಾಣಪತ್ರ, ಭಾರತದ ಪ್ರಾಣಿ ಕ್ವಾರಂಟೈನ್ ಕಚೇರಿಯ ಎನ್ಒಸಿ ಬೇಕು. ಎನ್ಒಸಿ ಎಂದರೆ ನಿರಾಕ್ಷೇಪಣಾ ಪತ್ರ. ಮಂಗಳೂರಿನ ಕಡೆಯವರಾದರೆ ನೇರ ವಿಮಾನವನ್ನು ನಂಬಿ ಕೂರಬೇಡಿ. ಕ್ವಾರಂಟೈನ್ ಕಚೇರಿ ಇರುವ ಊರಿನಲ್ಲೇ ಬೆಕ್ಕನ್ನು ಇಳಿಸಬೇಕು, ಕರ್ನಾಟಕದಲ್ಲಿ ಅದು ಇರುವುದು ಬೆಂಗಳೂರಿನಲ್ಲಿ. ಅಲ್ಲಿಂದ ಶಿರಾಡಿ ಘಾಟಿ ಇಳಿದು ರಾತ್ರಿಯ ಕಾರು ಪ್ರಯಾಣ. ಅದಕ್ಕೇ ಒಯ್ಯುವ ಪೆಟ್ಟಿಗೆಯನ್ನು ಮೊದಲ ದಿನದಿಂದಲೇ ಬಾಗಿಲು ತೆರೆದು ಮನೆಯಲ್ಲಿಡಿ. ಅದರೊಳಗೆ ನಿದ್ದೆ ಮಾಡಿ ಅಭ್ಯಾಸವಾಗಲಿ.