‘ಉಂಡೇನ್ಲಾ?’ ಅಂದರೆ ನಮ್ಮೂರವನು!

ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟು ಬಿಡುವ ಹೊತ್ತು. ಸಮವಸ್ತ್ರ ತೊಟ್ಟ ಹುಡುಗರು ಗೇಟು ದಾಟಿ ಬರುತ್ತಾರೆ. ಅಲ್ಲಿಯವರೆಗೆ ‘ಹೌದು ಸರ್, ಮಾಡ್ತೇನೆ ಸರ್’ ಎನ್ನುತ್ತಿದ್ದ ಸುತ್ತಲಿನ ಹಳ್ಳಿಯ ಹುಡುಗ, ಚಹಾದಂಗಡಿಯಲ್ಲಿ ಗೆಳೆಯನನ್ನು ಕಂಡದ್ದೇ ತಡ, ‘ಯಾಕ್ಲಾ ಇಷ್ಟೊತ್ತು? ಉಂಡೇನ್ಲಾ?’ ಎನ್ನುತ್ತಾನೆ. ಗೇಟು ಒಂದೇ. ಅದರ ಒಳಗೊಂದು ಕನ್ನಡ, ಹೊರಗೊಂದು ಕನ್ನಡ.

ರಾಗಿ ಹೊಲ, ಹಿಪ್ಪುನೇರಳೆ ತೋಟಗಳ ಈ ಸೀಮೆಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 1999ರಲ್ಲಿ ವಾಹನ ತಯಾರಿಕೆ ಆರಂಭಿಸಿತು. ಬೇರೆ ಕಾರ್ಖಾನೆಗಳೂ ಬಂದವು. ಅವುಗಳ ಜೊತೆಗೆ ಉತ್ತರ ಕರ್ನಾಟಕದವರು, ಬಿಹಾರ, ಒಡಿಶಾದವರು ಬಂದು ನೆಲೆಸಿದರು. ಎಲ್ಲರೂ ಒಂದೇ ಊರಲ್ಲಿ ನೆರೆದಾಗಲೇ ಸ್ಥಳೀಯನಿಗೆ ತನ್ನ ಮಾತು ಬೇರೆ ಎಂಬ ಅರಿವಾಗುವುದು. ಕಲಬುರಗಿಯವನಿಗೆ ಹಿಟ್ಟೆಂದರೆ ಗಿರಣಿಯಿಂದ ಬರುವ ಪುಡಿ. ಬಿಡದಿಯವನಿಗೆ ‘ಇಟ್ಟು’ ಎಂದರೆ ಬಿಸಿಬಿಸಿ ರಾಗಿ ಮುದ್ದೆ. ‘ಇಟ್ಟು ಉಂಡ್ಕೊಂಡು ಬತ್ತೀನಿ’ ಎಂದರೆ ಹೊಸಬ ಬೆಚ್ಚಿಬೀಳದೆ ಇರುತ್ತಾನೆಯೇ?

ಈ ‘ಇಟ್ಟು’ವಿನಲ್ಲಿ ಹಕಾರ ಬಿದ್ದುಹೋದದ್ದನ್ನು ಕೇಳಿ ನಗುವವರುಂಟು. ಆದರೆ ಅದರ ಹಿಂದೊಂದು ನಿಯಮವಿದೆ. ಹಳಗನ್ನಡದಲ್ಲಿ ಹಾಲು ‘ಪಾಲ್’, ಹುಲಿ ‘ಪುಲಿ’. ತಮಿಳಿನಲ್ಲಿ ಇಂದಿಗೂ ಹಾಗೆಯೇ. ಸುಮಾರು 10ನೇ ಶತಮಾನದಿಂದೀಚೆಗೆ ಕನ್ನಡದಲ್ಲಿ ಪಕಾರ ಹಕಾರವಾಗುತ್ತ ಬಂತು. ಪಕಾರಕ್ಕೆ ತುಟಿಗಳೆರಡೂ ಮುಚ್ಚಬೇಕು. ಹಕಾರಕ್ಕೆ ಬರಿಯ ಉಸಿರು ಸಾಕು. ಹಳ್ಳಿಯ ಬಾಯಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಆ ಉಸಿರನ್ನೂ ಬಿಟ್ಟಿತು: ಪಾಲ್, ಹಾಲು, ಆಲು. ‘ಹಾಲು’ ತಪ್ಪಲ್ಲವಾದರೆ ‘ಆಲು’ ಹೇಗೆ ತಪ್ಪಾದೀತು?

ಹೀಗಿದ್ದರೂ ತರಗತಿಯಲ್ಲಿ ನಗೆಪಾಟಲಾಗುವುದು ಹಳ್ಳಿಯ ಮಗುವೇ. ಹಕಾರ ಬಿಟ್ಟರೆ ಬೈಗುಳ ಎಂಬ ಅಂಜಿಕೆಯಿಂದ ಅದು ಇಲ್ಲದ ಕಡೆಯೂ ಹಕಾರ ಸೇರಿಸಿ ‘ಹಾಕಾಶ’ ಎನ್ನುತ್ತದೆ. ಆಗ ನಗು ಇಮ್ಮಡಿಯಾಗುತ್ತದೆ. ಕೊನೆಗೆ ಮಗು ಬಾಯಿ ತೆರೆಯುವುದನ್ನೇ ಬಿಡುತ್ತದೆ. ಅದೇ ಮಗು ದೊಡ್ಡದಾಗಿ ಕೆಲಸದ ಸಂದರ್ಶನಕ್ಕೆ ಹೋದಾಗ, ತಿಳಿದ ಉತ್ತರವೂ ಗಂಟಲಲ್ಲೇ ಉಳಿದರೆ ಆಶ್ಚರ್ಯವೇನು?

ಈ ಮಾತಿನೊಳಗೆ ಕಸುಬಿನ ತಿಳಿವಳಿಕೆಯೂ ಅಡಗಿದೆ. ರೇಷ್ಮೆ ಹುಳು ನಾಲ್ಕು ಬಾರಿ ಪೊರೆ ಕಳಚುತ್ತದೆ. ಪ್ರತಿ ಸಲವೂ ಸೊಪ್ಪು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ರೈತರ ಬಾಯಲ್ಲಿ ಅದು ‘ಜ್ವರ’. ಬೆಳವಣಿಗೆ ಮುಗಿದು ಮೈ ಪಾರದರ್ಶಕವಾದಾಗ ಹುಳು ‘ಹಣ್ಣಾಯ್ತು’. ತಡಮಾಡದೆ ಅದನ್ನು ಚಂದ್ರಂಕಿಗೆ ಬಿಡಬೇಕು. ತಪ್ಪಿದರೆ ನೂಲು ಅಲ್ಲಲ್ಲೇ ಪೋಲಾಗುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗುವ ಬೆಳೆಯ ಲಾಭ ನಷ್ಟ ‘ಹಣ್ಣಾಯ್ತು’ ಎಂಬ ಆ ಒಂದು ಮಾತಿನಲ್ಲಿದೆ. ತೋಟ ಹೋಗಿ ಶೆಡ್ಡು ಬಂದ ಮನೆಯ ಮಕ್ಕಳಿಗೆ ಚಂದ್ರಂಕಿ ಎಂದರೇನೆಂದು ವಿವರಿಸಿ ಹೇಳಬೇಕಾಗುತ್ತದೆ.

ಹೊರಗಿನವರು ಬಂದಷ್ಟೂ ಊರ ಮಾತು ಅಳಿಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅದು ಪೂರ್ಣ ಸತ್ಯವಲ್ಲ. ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್, ಮಾರ್ಥಾಸ್ ವಿನ್ಯಾರ್ಡ್ ಎಂಬ ದ್ವೀಪದ ಜನರ ಉಚ್ಚಾರಣೆಯನ್ನು ಪರಿಶೀಲಿಸಿ 1963ರಲ್ಲಿ ಪ್ರಕಟಿಸಿದರು. ಬೇಸಿಗೆಯಲ್ಲಿ ಪ್ರವಾಸಿಗರು ತುಂಬುವ ದ್ವೀಪವದು. ಅಲ್ಲಿಯೇ ಬಾಳಬೇಕೆಂದು ನಿಶ್ಚಯಿಸಿದವರ ಬಾಯಲ್ಲಿ ಊರಿನ ಉಚ್ಚಾರಣೆ ಇನ್ನಷ್ಟು ಗಟ್ಟಿಯಾಗಿತ್ತು! ಬಿಡದಿಯ ಹುಡುಗ ಗೇಟು ದಾಟಿದೊಡನೆ ‘ಲಾ’ ಎನ್ನುವುದರ ಅರ್ಥವೂ ಇಂಥದ್ದೇ ಇರಬಹುದು: ‘ಕಾರ್ಖಾನೆಯಲ್ಲಿ ನಾನು ಕೆಲಸಗಾರ, ಈ ನೆಲದಲ್ಲಿ ಊರವನು.’

ಆದರೆ ‘ಲಾ’ ಎಲ್ಲರಿಗೂ ಸಲ್ಲುವುದಿಲ್ಲ. ಸಮವಯಸ್ಕನಿಗೆ ಸಲಿಗೆಯಾದದ್ದು ಅಪರಿಚಿತನಿಗೆ ಬೈಗುಳ. ಹಿರಿಯರಿಗೆ ‘ಕಣಣ್ಣೋ’, ಹುಡುಗಿಗೆ ‘ಬಾಮ್ಮಿ’ ಎಂಬ ಕಟ್ಟಳೆ ಇದೆ. ಅದನ್ನರಿತ ಉತ್ತರ ಕರ್ನಾಟಕದವನು ಜೊತೆಗಾರನನ್ನು ‘ಬಾರ್ಲಾ’ ಎಂದು ಕರೆದ ದಿನ ಚಹಾದಂಗಡಿಯಲ್ಲಿ ನಗೆ ಏಳುತ್ತದೆ. ಅದು ಶಾಲೆಯ ನಗೆಯಲ್ಲ. ಆ ದಿನದಿಂದ ಅವನೂ ಊರವನೇ.

ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ ಹಳ್ಳಿಯ ಬದುಕಿನ ಸಲಕರಣೆಗಳನ್ನು ಜೋಪಾನವಾಗಿ ಇಟ್ಟಿದ್ದಾರೆ. ಮಾತನ್ನು ಹಾಗೆ ಗಾಜಿನ ಪೆಟ್ಟಿಗೆಯಲ್ಲಿಡಲು ಬಾರದು. ಅದು ಬಾಯಲ್ಲೇ ಉಳಿಯಬೇಕು. ಮಗು ಪಾಠದ ಪುಸ್ತಕದಲ್ಲಿ ‘ಹಾಲು’ ಎಂದು ಬರೆಯಲಿ, ಮನೆಯಲ್ಲಿ ಅಜ್ಜಿಯನ್ನು ‘ಆಲು ಕೊಡು’ ಎಂದು ಕೇಳಲಿ. ಎರಡೂ ಕನ್ನಡವೇ.