ಏಪ್ರಿಲ್ ತಿಂಗಳ ನೀರಿಗೆ ಬೆಲೆ ಎಷ್ಟು?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟದವರಿಗೆ ನೀರಿನ ಬಿಲ್ ಬರೋದಿಲ್ಲ. ಅಣೆಕಟ್ಟಿನ ಕಾಲುವೆ ಇರುವ ಊರುಗಳಲ್ಲಿ ಸರ್ಕಾರ ನೀರಿಗೆ ಕರ ಹಾಕುತ್ತದೆ. 2000ನೇ ಇಸವಿಯಲ್ಲಿ ನಿಗದಿಯಾದ ದರ ಕಬ್ಬಿಗೆ ಎಕರೆಗೆ 400 ರೂಪಾಯಿ, ಭತ್ತಕ್ಕೆ 100. ಅದೂ ಎಕರೆ ಲೆಕ್ಕ, ಲೀಟರ್ ಲೆಕ್ಕ ಅಲ್ಲ. ನೀರು ಕಡಿಮೆ ಬಿಟ್ಟವರಿಗೆ ಒಂದು ಪೈಸೆಯೂ ಉಳಿಯೋದಿಲ್ಲ. ನಮ್ಮ ಕಡೆ ಅಷ್ಟೂ ಇಲ್ಲ. ಹಳ್ಳ, ಕೆರೆ, ಬಾವಿ, ಈಗ ಬೋರ್‌ವೆಲ್. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ 2008ರಿಂದ ಕರೆಂಟೂ ಉಚಿತ.

ಮತ್ತೆ ಮಿತಿ ಯಾವುದು? ಕರೆಂಟ್ ಇರುವ ಹೊತ್ತು. ತ್ರೀ ಫೇಸ್ 7 ಗಂಟೆ ಅನ್ನೋದು ಸರ್ಕಾರದ ಮಾತು. (ಎಷ್ಟು ಸಿಗುತ್ತೆ ಅಂತ ಮನೆಗೆ ಫೋನ್ ಮಾಡಿ ಕೇಳಿ.) ಪೈಪ್ ಹಿಡಿದು ನೀರುಣಿಸಿದರೆ ಮರಕ್ಕೆ ಸಲಕ್ಕೆ 175 ಲೀಟರ್ ಬೇಕು ಅಂತ ಲೆಕ್ಕ. ಎಕರೆಗೆ 550 ಮರ ಅಂದರೆ 96 ಸಾವಿರ ಲೀಟರ್. 5 ಎಚ್‌ಪಿ ಪಂಪು, 20 ಮೀಟರ್ ಎತ್ತರ, ಅರ್ಧ ದಕ್ಷತೆ ಅಂತ ಹಿಡಿದರೆ 7 ಗಂಟೆಯಲ್ಲಿ ಸುಮಾರು 2.4 ಲಕ್ಷ ಲೀಟರ್, ಅಂದರೆ ಎರಡೂವರೆ ಎಕರೆ. ಖರ್ಚಾಗೋದು 26 ಯೂನಿಟ್. ಯೂನಿಟ್‌ಗೆ 2 ರೂಪಾಯಿ ಹಾಕಿದರೂ ಎಕರೆಗೆ ಸಲಕ್ಕೆ ಇಪ್ಪತ್ತು ರೂಪಾಯಿ ಚಿಲ್ಲರೆ. ಅಡಿಕೆ ಕ್ವಿಂಟಲ್‌ಗೆ ಹತ್ತಾರು ಸಾವಿರ ಇರುವಾಗ ಇದನ್ನ ನೋಡಿ ಯಾರೂ ಸಸಿ ಕಡಿಮೆ ನೆಡೋದಿಲ್ಲ.

ನಮಗೆ ಚಿಂತೆ ಗದ್ದೆಯದ್ದು. ಮಳೆಗಾಲದ ಭತ್ತ ಮಳೆ ನೀರಲ್ಲೇ ಬೆಳೆದು ಕೊಯ್ಲಾಗುತ್ತೆ, ಬೇಸಿಗೆಯಲ್ಲಿ ಹನಿ ನೀರೂ ಕೇಳೋದಿಲ್ಲ. ಆಳಿಲ್ಲ, ಲಾಭವಿಲ್ಲ ಅಂತ ಅದೇ ಗದ್ದೆಗೆ ಅಡಿಕೆ ಹಾಕಿದರೆ ಬೇಡಿಕೆ ಪೂರ್ತಿ ಏಪ್ರಿಲ್‌ಗೆ ಬರುತ್ತೆ, ಹಳ್ಳ ಬತ್ತುವ ಹೊತ್ತಿಗೇ. ಭತ್ತವನ್ನ ಒಂದು ವರ್ಷ ಬಿಡಬಹುದು. ಅಡಿಕೆ ಫಸಲಿಗೆ ಬರೋಕೇ ಐದಾರು ವರ್ಷ, ಆಮೇಲೆ ದಶಕಗಟ್ಟಲೆ ಪ್ರತಿ ಬೇಸಿಗೆ ನೀರು ಕೊಡಲೇಬೇಕು.

ಹನಿ ನೀರಾವರಿ ಇದೆಯಲ್ಲ ಅಂತೀರಿ. ದಿನಕ್ಕೆ ಮರಕ್ಕೆ 20 ಲೀಟರ್ ಸಾಕು; ನಾಲ್ಕು ದಿನಕ್ಕೊಮ್ಮೆ ಪೈಪಲ್ಲಿ ಬಿಡೋದಕ್ಕಿಂತ ಅರ್ಧಕ್ಕೂ ಕಡಿಮೆ. ಆದರೆ ಉಳಿದ ನೀರು ಹಳ್ಳದಲ್ಲೇ ಉಳಿಯಬೇಕು ಅಂತ ಯಾವ ನಿಯಮವೂ ಇಲ್ಲ. ಅದೇ ನೀರು ನಂಬಿ ಇನ್ನೊಂದು ಗದ್ದೆ ತೋಟವಾದರೆ ಕೆಳಗಿನ ಮನೆಯವರಿಗೆ ಸಿಗೋದು ಮೊದಲಿನಷ್ಟೇ, ಇಲ್ಲಾ ಇನ್ನೂ ಕಡಿಮೆ. ಹಳ್ಳದ ನೀರಿಗಾದರೆ ಮೇಲಿನವರಿಗೆ ಇಷ್ಟು ದಿನ, ಕೆಳಗಿನವರಿಗೆ ಇಷ್ಟು ದಿನ ಅಂತ ಕೂತು ಪಾಳಿ ಮಾಡಿಕೊಳ್ಳಬಹುದು. ಹಳ್ಳದ ಪಕ್ಕದಲ್ಲೇ ಕೊರೆದ ಬೋರ್‌ವೆಲ್ ಆ ಪಾಳಿಯಲ್ಲಿ ಎಲ್ಲಿ ಬರುತ್ತೆ?