ಕಡಿಮೆ ಅಂಕದ ಪದವಿ: ಮುಂದೇನು?

ಪ್ರಶ್ನೆ: ಬಿ.ಕಾಂ.ನಲ್ಲಿ ಶೇ 46 ಅಂಕ ಬಂದಿದೆ. ಈ ಅಂಕಕ್ಕೆ ಕೆಲಸ ಸಿಗುತ್ತದೆಯೇ?
– ಓದುಗ, ಹೊಸದುರ್ಗ

ಉತ್ತರ: ಅಂಕ ಎಲ್ಲಿ ಅಡ್ಡ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಿ. ಬಿ.ಇಡಿ.ಗೆ ಸಾಮಾನ್ಯ ವರ್ಗದವರಿಗೆ ಶೇ 50 ಬೇಕು, ಎಂ.ಬಿ.ಎ.ಗೂ ಅಷ್ಟೇ. ಮೀಸಲಾತಿ ಇದ್ದರೆ ರಿಯಾಯಿತಿ ಉಂಟು.

ಕೆಎಎಸ್, ಐಎಎಸ್, ಐಬಿಪಿಎಸ್‌ನ ಬ್ಯಾಂಕ್ ಕ್ಲರ್ಕ್ ಮತ್ತು ಪಿಒ ಪರೀಕ್ಷೆಗಳಿಗೆ ಪದವಿ ಪಾಸಾಗಿದ್ದರೆ ಸಾಕು, ಕನಿಷ್ಠ ಶೇಕಡಾವಾರು ಕೇಳುವುದಿಲ್ಲ. ಆಯ್ಕೆ ನಡೆಯುವುದು ಆ ಪರೀಕ್ಷೆಯ ಅಂಕದ ಮೇಲೆ.

ಓದು ಮುಂದುವರಿಸುವ ಮನಸ್ಸಿದ್ದರೆ ಇಗ್ನೋದ ಹಲವು ಎಂ.ಎ. ಕೋರ್ಸುಗಳಿಗೆ ಯಾವುದೇ ಪದವಿ ಸಾಕು. ಉಪನ್ಯಾಸಕ ಅರ್ಹತೆಯ ಯುಜಿಸಿ ನೆಟ್ ಪರೀಕ್ಷೆ ನೋಡುವುದು ಸ್ನಾತಕೋತ್ತರ ಅಂಕವನ್ನು (ಸಾಮಾನ್ಯ ವರ್ಗಕ್ಕೆ ಶೇ 55). ಎಂ.ಎ.ಯಲ್ಲಿ ಚೆನ್ನಾಗಿ ಓದಿದರೆ ಉಪನ್ಯಾಸಕ ವೃತ್ತಿಯ ದಾರಿಯೂ ತೆರೆಯುತ್ತದೆ.

ದುಡಿಮೆ ಬೇಗ ಬೇಕೆಂದರೆ ಊರಿನ ವ್ಯಾಪಾರವನ್ನೇ ನೋಡಿ. ಹೊಳಲ್ಕೆರೆ, ಭೀಮಸಮುದ್ರದ ಅಡಿಕೆ, ಹೊಸದುರ್ಗ, ಹಿರಿಯೂರಿನ ತೆಂಗು: ಇವುಗಳ ವಹಿವಾಟಿಗೆಲ್ಲ ಲೆಕ್ಕಪತ್ರ ಬೇಕು. ಟ್ಯಾಲಿ ಕಲಿತು, ಚಿತ್ರದುರ್ಗದ ಯಾವುದಾದರೂ ತೆರಿಗೆ ಸಲಹೆಗಾರರ ಬಳಿ ವರ್ಷವೊಂದು ಜಿಎಸ್‌ಟಿ ರಿಟರ್ನ್ಸ್ ಕೆಲಸ ಮಾಡಿ. ಕೈ ಪಳಗಿದವರ ಅಂಕಪಟ್ಟಿಯನ್ನು ಮಂಡಿಯವರು ಕೇಳುವುದಿಲ್ಲ.

ಪರೀಕ್ಷೆಯನ್ನೇ ನಂಬಿದರೆ ಎರಡು ವರ್ಷದ ಗಡುವು ಹಾಕಿಕೊಳ್ಳಿ. ಸಂದರ್ಶನದಲ್ಲಿ ಅಂಕದ ಬಗ್ಗೆ ಕೇಳಿದರೆ ಕಾರಣವನ್ನು ಒಂದೇ ಮಾತಿನಲ್ಲಿ ಹೇಳಿ, ಆಮೇಲೆ ಕಲಿತದ್ದನ್ನು ವಿವರಿಸಿ.